ಸ್ತಾಮೆನಾ ಅತ್ತಿಗೆಯ ಸಾಯದ ಹೆಪ್ಪು

ನನ್ನ ಅತ್ತಿಗೆ ಸ್ತಾಮೆನಾಳಿಗೆ ಜಂಬ ಪಡಲು ಇದ್ದದ್ದು ಒಂದೇ, ಮೊಸರಿನ ಹೆಪ್ಪು. ಆಕೆ ಸೊಸೆಯಾಗಿ ಬಂದಾಗ ನನ್ನ ಅಮ್ಮ ಬೀಗದ ಕೈಗಿಂತ ಮೊದಲು ಆಕೆಯ ಕೈಗಿಟ್ಟದ್ದು ಆ ಗಡಿಗೆಯನ್ನೇ. ಐವತ್ತೆರಡು ವರ್ಷ ಕುರಿ ಹಾಲು ಹಾಕಿ ಅದನ್ನು ಬದುಕಿಸಿಕೊಂಡು ಬಂದಳು. ರೊಡೋಪಿ ಬೆಟ್ಟದ ನಮ್ಮ ಹಳ್ಳಿಯ ಹನ್ನೊಂದು ಮನೆಗಳಿಗೂ ಅದೇ ಹೆಪ್ಪು. ಕೇಳಿದವರಿಗೆಲ್ಲ ಕೊಡುತ್ತಿದ್ದಳು, ಜೊತೆಗೆ ಎರಡು ಕುಟುಕು ಮಾತನ್ನೂ. ನನ್ನ ಪಾಲಿಗೆ ಕುಟುಕೇ ಹೆಚ್ಚು.

ಏಪ್ರಿಲ್ ಕೊನೆಯಲ್ಲಿ ಪ್ಲೊವ್ದಿವ್ ಪಟ್ಟಣದ ಪ್ರಯೋಗಾಲಯದಿಂದ ವ್ಯಾರಾ ಎಂಬ ಹುಡುಗಿ ಎರಡನೆಯ ಸಲ ಬಂದಳು. ಚಳಿಗಾಲದಲ್ಲಿ ಪರೀಕ್ಷೆಗೆಂದು ನಮ್ಮ ಹೆಪ್ಪನ್ನು ಒಯ್ದಿದ್ದಳು. ಹೊಗಳಿಕೆ ಕೇಳಲು ಅತ್ತಿಗೆ ಹೊಸ ತಲೆವಸ್ತ್ರ ಕಟ್ಟಿ ಕೂತಿದ್ದಳು. ಹುಡುಗಿ ಮುಂದಿಟ್ಟ ಬ್ರೆಡ್ಡನ್ನೂ ಮುಟ್ಟಲಿಲ್ಲ.

"ಅಜ್ಜಿ, ಕುರಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಕೊಡಿಸ್ತೀರಲ್ಲ, ಆ ಹಾಲು ಏನ್ ಮಾಡ್ತೀರಿ?"

"ಮಾರಲ್ಲಮ್ಮ. ಚೆಲ್ಲೋದೂ ಇಲ್ಲ, ಚೆಲ್ಲಿದ್ರೆ ಕುರಿ ಬತ್ತಿಹೋಗುತ್ತೆ. ಹೆಪ್ಪಿನ ಗಡಿಗೆಗೆ ಹಾಕ್ತೀನಿ." ಅತ್ತಿಗೆ ಎದೆಯುಬ್ಬಿಸಿದಳು. "ಬೇರೆ ಊರವರ ಹೆಪ್ಪು ಆ ಹಾಲಲ್ಲಿ ಸತ್ತೇ ಹೋಗುತ್ತೆ. ನಂದೂ ಮೊದಮೊದಲು ಒದ್ದಾಡ್ತಿತ್ತು. ಈಗ ನೋಡು, ಚಾಕು ಹಾಕಿ ಕೊಯ್ಬೇಕು, ಅಷ್ಟು ಗಟ್ಟಿ!"

ವ್ಯಾರಾಳ ಮುಖ ಇಳಿದುಹೋಯಿತು. "ಅದೇ ಅಜ್ಜಿ ತೊಂದರೆ. ಔಷಧಿಗೆ ಸಾಯದೆ ಬದುಕೋದನ್ನ ನಿಮ್ಮ ಹೆಪ್ಪು ಕಲಿತುಬಿಟ್ಟಿದೆ. ಮೊಸರಿಂದ ಕಾಯಿಲೆ ಬರಲ್ಲ. ಆದ್ರೆ ಹೊಟ್ಟೆಯೊಳಗೆ ಹೋಗಿ ಕೆಟ್ಟ ರೋಗಾಣುಗೂ ಆ ವಿದ್ಯೆ ಹೇಳಿಕೊಡಬಹುದು. ಆಮೇಲೆ ಯಾವುದಾದ್ರೂ ಮಗು ಜ್ವರದಲ್ಲಿ ಮಲಗಿದ್ರೆ ಔಷಧಿ ನಾಟಲ್ಲ. ಬಿಟ್ಟುಬಿಡಿ ಇದನ್ನ. ಹನ್ನೊಂದು ಮನೇಲೂ."

ನನಗೆ ಮೈಯೆಲ್ಲ ಉರಿಯಿತು. "ನಮ್ಮಮ್ಮನ ಹೆಪ್ಪು ಕಣಮ್ಮ ಅದು! ಎದ್ದು ನಡಿ," ಎಂದೆ. ಅತ್ತಿಗೆ ಮಾತ್ರ ಗಡಿಗೆಯನ್ನೇ ನೋಡುತ್ತಿದ್ದಳು.

 ಮೇ ಆರರ ಸಂತ ಗೆಯೋರ್ಗಿಯ ಹಬ್ಬದ ಹಿಂದಿನ ದಿನ ಆಕೆ ಕೋಲು ಹಿಡಿದು ಮನೆಮನೆಗೂ ಹೋದಳು. "ನಂದೇ ತಪ್ಪು. ಇದ್ದಷ್ಟನ್ನೂ ಕುದಿಸಿ ಚೆಲ್ಲಿ, ಪಾತ್ರೆಗೂ ಬಿಸಿನೀರು ಹಾಕಿ." ಯಾರ ಎದುರೂ ತಲೆ ತಗ್ಗಿಸದವಳು ಉಳಿದ ಹತ್ತು ಹೊಸ್ತಿಲಲ್ಲೂ ತಲೆ ತಗ್ಗಿಸಿ ನಿಂತಳು. ನಾನೂ ಆಕೆಯ ಎದುರಿಗೇ ಕುದಿಸಿದೆ. ಆದರೆ ಒಂದು ಬಾಟಲಿಯನ್ನು ನೆಲಮಾಳಿಗೆಯಲ್ಲಿ ಹುಳಿ ಎಲೆಕೋಸಿನ ಪೀಪಾಯಿಯ ಹಿಂದೆ ಬಚ್ಚಿಟ್ಟೆ. ಹೊಸದು ಹುಟ್ಟದಿದ್ದರೆ ಏನು ಗತಿ?

ಹೊಸ ಹೆಪ್ಪು ಹುಟ್ಟಬೇಕಾದದ್ದು ಹಬ್ಬದ ಮುಂಜಾನೆಯ ಇಬ್ಬನಿಯಿಂದ. ಅಮ್ಮ ಒಮ್ಮೆ ಕಲಿಸಲೆಂದು ಮಾಡಿ ತೋರಿಸಿದ್ದನ್ನು ನಾವಿಬ್ಬರೂ ನೋಡಿದ್ದೆವು, ಅಷ್ಟೇ. ಅತ್ತಿಗೆ ಹುಲ್ಲಿನ ಮೇಲೆ ಬಟ್ಟೆ ಎಳೆದು, ಉಗುರುಬೆಚ್ಚಗಿನ ಹಾಲಿಗೆ ಹಿಂಡಿ, ಗಡಿಗೆಗೆ ಉಣ್ಣೆ ಸುತ್ತಿಟ್ಟಳು. ಮರುದಿನ ಹಾಲು ಹಾಲಾಗಿಯೇ ಇತ್ತು. ಮೂರನೆಯ ದಿನ ಹುಳಿ ನೀರು.

"ಅತ್ತಿಗೆ, ಹಳೇದು ಎಲ್ಲಾದ್ರೂ ಒಂಚೂರು ಸಿಕ್ಕಿದ್ರೆ..." ಎಂದೆ.

"ಬಾಯ್ಮುಚ್ಕೊಂಡು ಒಲೆ ನೋಡು," ಎಂದಳು.

ಆ ಹುಳಿ ನೀರನ್ನೇ ಸ್ವಲ್ಪ ಹೊಸ ಹಾಲಿನ ಗಡಿಗೆಗೆ ದಾಟಿಸಿದಳು, ಅಲ್ಲಿಂದ ಮತ್ತೊಂದಕ್ಕೆ. ಏಳನೆಯ ದಿನ ಮೊಸರು ಕೂತಿತು. ನಾನು ಚಮಚ ತಂದರೆ ಕೈ ಮೇಲೆ ಹೊಡೆದಳು. ಆ ವಾರ ಕುಂಟ ಕುರಿಗೆ ಇಂಜೆಕ್ಷನ್ ಆಗಿತ್ತು. ಅದರ ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ, ಆರಿಸಿ, ಹೊಸ ಹೆಪ್ಪಿನ ಒಂದು ಚಮಚ ಹಾಕಿದಳು.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಆ ಪಾತ್ರೆ ಆಕೆಯ ತೊಡೆಯ ಮೇಲಿತ್ತು. ಮುಚ್ಚಳ ತೆಗೆದಳು. ವಾಲಿಸಿದಳು. ಹಾಲು ತುಳುಕಿತು.

"ಔಷಧಿಗೆ ಸತ್ತಿದೆ ಸೆವ್ದಾ! ನಮ್ಮ ಹೊಸ ಹೆಪ್ಪು ಸತ್ತೇ ಹೋಗಿದೆ ಕಣೇ!" ಅಳುತ್ತಲೇ ನಕ್ಕಳು. ಆಮೇಲೆ ಎದ್ದು ಹೋಗಿ, ಜೀವಮಾನದಲ್ಲಿ ಮೊದಲ ಸಲ, ಹಾಲನ್ನು ಗುಂಡಿಗೆ ಚೆಲ್ಲಿದಳು.

ನಾನು ಮನೆಗೆ ಓಡಿದೆ. ಬಾಟಲಿಯನ್ನು ತಂದು ಆಕೆಯ ಮುಂದಿಟ್ಟೆ, ಮುಖ ಎತ್ತಲಾಗಲಿಲ್ಲ.

"ಇವತ್ತಾದ್ರೂ ತಂದೆಯಲ್ಲ," ಎಂದಳು ಅತ್ತಿಗೆ. "ಒಂಬತ್ತು ದಿನದಿಂದ ನಿನಗೋಸ್ಕರ ಒಲೆ ಮೇಲೆ ನೀರು ಕಾಯಿಸಿಡ್ತಿದೀನಿ."

ಅಮ್ಮನ ಹೆಪ್ಪನ್ನು ಕುದಿಯುವ ನೀರಿಗೆ ನಾನೇ ಸುರಿದೆ.