ತಟ್ಟೆಯಂಚಿನ ಮೂರು ಬೆರಳು

ಗುಂಡಿ ಅಕ್ಕ ಅಷ್ಟು ಸುಲಭಕ್ಕೆ ಬೆಚ್ಚಿಬೀಳುವ ಹೆಂಗಸಲ್ಲ. ಹೊಲಿಗೆ ಯಂತ್ರದ ಸೂಜಿ ಒಮ್ಮೆ ಅವಳ ತೋರುಬೆರಳಿನ ಉಗುರನ್ನೇ ತೂರಿಕೊಂಡು ಹೋದಾಗ, ಎದುರಿಗೆ ನಿಂತಿದ್ದ ಗಿರಾಕಿ ಕಿರುಚಿದನೇ ಹೊರತು ಅವಳಲ್ಲ. "ಒಂದ್ನಿಮಿಷ ಇರಿ" ಎಂದು ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಬೆರಳು ಬಿಡಿಸಿಕೊಂಡು, ಅದಕ್ಕೊಂದು ಚಿಂದಿ ಸುತ್ತಿ, ಅವನ ಪ್ಯಾಂಟಿನ ಜಿಪ್ಪು ಮುಗಿಸಿಯೇ ಕಳಿಸಿದಳು. ಅಂಥವಳ ಕೈಯಿಂದ ಒಂದು ಮಧ್ಯಾಹ್ನ ಚಮಚ ಜಾರಿ ಬಿತ್ತು ಎಂದರೆ ಅದಕ್ಕೆ ಸಣ್ಣಪುಟ್ಟ ಕಾರಣ ಇರಲಾರದು.

ಅವಳ ಅಂಗಡಿ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿ. ಒಂದು ಯಂತ್ರ, ಒಂದು ಸ್ಟೂಲು, ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿಗಳು. ಹೊಸ ಬಟ್ಟೆ ಹೊಲಿಯುವವಳಲ್ಲ. ಕಿತ್ತುಹೋದ ಗುಂಡಿ, ಕೈಕೊಟ್ಟ ಜಿಪ್ಪು, ಬಿಚ್ಚಿಕೊಂಡ ಅಂಚು, ಇವಿಷ್ಟೇ ಅವಳ ವ್ಯವಹಾರ. ಎಂಥ ಅಂಗಿ ತಂದರೂ ಡಬ್ಬಿಯೊಳಗೆ ಕೈಯಾಡಿಸಿ ಅದಕ್ಕೆ ಹೊಂದುವ ಗುಂಡಿ ಹುಡುಕಿಯೇ ಹುಡುಕುತ್ತಿದ್ದಳು. ಬೀದಿಯ ಬಾಯಲ್ಲಿ ಅವಳ ಸ್ವಂತ ಹೆಸರು ಯಾವತ್ತೋ ಕಳೆದುಹೋಗಿ ಈ ಹೆಸರು ಉಳಿದುಕೊಂಡಿತು.

ಗಂಡನೂ ಹಾಗೆ ಸಿಕ್ಕವನೇ. ಬಸ್ ಡ್ರೈವರು. ಸಮವಸ್ತ್ರದ ಎದೆಯ ಗುಂಡಿ ವಾರಕ್ಕೊಮ್ಮೆ ಕಿತ್ತುಹೋಗುತ್ತಿತ್ತು. ಒಂದು ದಿನ ಅವಳು ದಾರವನ್ನು ಹಲ್ಲಿನಿಂದ ತುಂಡರಿಸುತ್ತ, "ಇದು ತಾನಾಗಿ ಕಿತ್ತೋಗೋ ಗುಂಡಿ ಅಲ್ಲ, ಯಾರೋ ಬೇಕಂತ ಎಳೀತಿದ್ದಾರೆ" ಅಂದಳು. ಡ್ರೈವರನ ಕಿವಿ ಕೆಂಪಾಯಿತು. ಮುಂದಿನದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಅವನ ಧರ್ಮ ಬೇರೆ, ಇವಳ ಧರ್ಮ ಬೇರೆ. ಇವಳ ತವರಿನವರು ಬಾಗಿಲು ಹಾಕಿಕೊಂಡರು. ಎಷ್ಟು ಗಟ್ಟಿಯಾಗಿ ಹಾಕಿಕೊಂಡರೆಂದರೆ ತಾಯಿ ತೀರಿಕೊಂಡ ಸುದ್ದಿ ಕೂಡ ಮೂರನೆಯವರ ಬಾಯಿಂದ ಬಂತು. ಗಂಡ ಹೆಂಡತಿ ಮಾತ್ರ ಮದುವೆಯ ದಿನವೇ ಒಂದು ಮಾತು ಮಾಡಿಕೊಂಡಿದ್ದರು. ಮನೆಯೊಳಗೆ ಯಾರ ಪ್ರಾರ್ಥನೆಯೂ ಬಾಯಿಬಿಟ್ಟು ಆಗಬಾರದು, ಒಬ್ಬರದನ್ನು ಇನ್ನೊಬ್ಬರಿಗಾಗಲಿ ಮಕ್ಕಳಿಗಾಗಲಿ ಕಲಿಸಬಾರದು. ಹುಟ್ಟಿದ ಒಬ್ಬಳೇ ಮಗಳಿಗೂ ಕಲಿಸಲಿಲ್ಲ. ಅವಳು ಬೆಳೆದು, ನರ್ಸ್ ಆಗಿ, ಬೇರೆ ಊರಿಗೆ ಹೋದಳು. ಆ ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಅದಕ್ಕೆ ಗುಂಡಿ ಅಕ್ಕ ತೆತ್ತದ್ದೂ ಉಂಟು. ಅವಳ ಕಡೆಯ ಮನೆಗಳಲ್ಲಿ ಮೊದಲ ತುತ್ತಿಗೆ ಮುಂಚೆ ತಟ್ಟೆಯ ಅಂಚನ್ನು ಮೂರು ಬೆರಳಿನಿಂದ ತಟ್ಟಿ ಪುಟ್ಟ ಪ್ರಾರ್ಥನೆಯೊಂದನ್ನು ಹೇಳಿಕೊಳ್ಳುವರು. ಅದು ಯಾವ ಪುಸ್ತಕದಲ್ಲೂ ಇಲ್ಲ, ತಾಯಿಯ ಬಾಯಿಂದ ಮಗುವಿನ ಬಾಯಿಗೆ ಬರುವಂಥದ್ದು. ಹೇಳದೆ ಹೇಳದೆ ಅವಳಿಗೆ ಅದರ ಅರ್ಧ ಮರೆತೇಹೋಯಿತು. ಒಮ್ಮೆ ಗಂಡನ ಬಸ್ಸಿನಲ್ಲಿ, ಕೊನೆಯ ನಿಲ್ದಾಣದಲ್ಲಿ ಇಬ್ಬರೇ ಕೂತಿದ್ದಾಗ, ಈ ವಿಷಯ ನಗುನಗುತ್ತ ಹೇಳಲು ಹೊರಟವಳು, ನೆನಪಿದ್ದಷ್ಟನ್ನು ಹೇಳಿ ತೋರಿಸಿ, ಅಲ್ಲಿಗೇ ನಿಂತು ಬಿಕ್ಕಿಬಿಕ್ಕಿ ಅತ್ತುಬಿಟ್ಟಳು. "ಮೊದಲ್ನೇ ಅರ್ಧ ಬರುತ್ತೆ ರೀ. ಉಳಿದರ್ಧ ಎಷ್ಟು ತಡಕಾಡಿದ್ರೂ ಸಿಗಲ್ಲ. ಕೇಳೋಣ ಅಂದ್ರೆ ಅಮ್ಮನೂ ಇಲ್ಲ." ಡ್ರೈವರು ಅಂಗಿಯ ಮೇಲಿನ ಗುಂಡಿಯನ್ನೇ ತಿರುಚುತ್ತ ಕೂತಿದ್ದ.

ಇನ್ನು ಅತ್ತೆ. ಈ ಮದುವೆ ಬೇಡವೆಂದು ಎಲ್ಲರಿಗಿಂತ ಹೆಚ್ಚು ಕೂಗಾಡಿದವಳು ಅವಳೇ. ಹಿರಿಯ ಮಗ ಪ್ರಾರ್ಥನಾ ಮಂದಿರದ ಸಮಿತಿಗೆ ಅಧ್ಯಕ್ಷ. ಅವನಾದರೂ ಒಂದೆರಡು ವರ್ಷಕ್ಕೆ ತಣ್ಣಗಾಗಿ ತಮ್ಮನ ಜೊತೆ ಮಾತಾಡಿದ. ಅತ್ತೆ ಜಗ್ಗಲಿಲ್ಲ. ಮೊಮ್ಮಗಳು ಹುಟ್ಟಿದಾಗ ಒಮ್ಮೆ ಬಂದು ಹೊಸ್ತಿಲಲ್ಲೇ ನಿಂತು ಕೂಸಿನ ಮುಖ ನೋಡಿದಳು. ಸೊಸೆ ತಂದ ನೀರಿನ ಲೋಟವನ್ನು ಮುಟ್ಟದೆ ಹೊರಟುಹೋದಳು. ಇಪ್ಪತ್ತು ವರ್ಷ ದಾಟಿದರೂ ಆ ಲೋಟ ಗುಂಡಿ ಅಕ್ಕನ ಹೊಟ್ಟೆಯೊಳಗೆ ಉರಿಯುತ್ತಲೇ ಇತ್ತು. "ನಂದೊಂದು ಲೋಟ ನೀರು ಅವರಿಗೆ ವಿಷ ಆಗೋಯ್ತಾ?" ಎಂದು ಆಗಾಗ ಗಂಡನ ಮೇಲೆ ಹರಿಹಾಯುವಳು. ಅವನಿಗೆ ಉತ್ತರ ಗೊತ್ತಿದ್ದರೆ ತಾನೆ? ತಾಯಿಗೆ ತವರು ಎಂದು ಯಾರೂ ಇಲ್ಲ, ಮದುವೆಗೆ ಮುಂಚೆಯೇ ಎಲ್ಲರೂ ತೀರಿಕೊಂಡಿದ್ದರು ಎನ್ನುವುದನ್ನು ಬಿಟ್ಟರೆ ತಾಯಿಯ ಹಳೆಯ ಕತೆ ಅವನಿಗೂ ಗೊತ್ತಿರಲಿಲ್ಲ.

ಅಂಥ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಮರೆವು ಅದಕ್ಕೂ ಮುಂಚೆಯೇ ಶುರುವಾಗಿತ್ತು. ಅಧ್ಯಕ್ಷರ ಮನೆ ಎರಡನೇ ಮಹಡಿಯಲ್ಲಿ. ಕೆಳಗೊಂದು ಕೋಣೆ ಸಿದ್ಧವಾಗುವವರೆಗೆ ತಾಯಿ ತಮ್ಮನ ಮನೆಯಲ್ಲಿರಲಿ, ಊಟ ಮಾತ್ರ ತನ್ನ ಮನೆಯಿಂದಲೇ ಬರುತ್ತದೆ ಎಂದು ಅವರು ತೀರ್ಪು ಕೊಟ್ಟರು. ಒಂದು ವಾರ ಅವರೇ ಟಿಫನ್ ಕ್ಯಾರಿಯರ್ ಚಾಚೂ ತಪ್ಪದೆ ತಂದು, ಡಬ್ಬಿಯಿಂದಲೇ ತಿನ್ನಿಸಿ ಹೋದರು. ಆಮೇಲೆ ಒಂದು ಹೊತ್ತು ಬಂದರೆ ಇನ್ನೊಂದು ಹೊತ್ತು ಇಲ್ಲ. ಅಧ್ಯಕ್ಷರ ಶ್ರದ್ಧೆ ಗಟ್ಟಿಯಾಗಿಯೇ ಇತ್ತು, ಪಾಪ, ಮೊಣಕಾಲು ಗಟ್ಟಿ ಇರಲಿಲ್ಲ. ಕ್ಯಾರಿಯರ್ ಪೂರ್ತಿ ನಿಂತ ದಿನ ಗುಂಡಿ ಅಕ್ಕ ಮೆತ್ತಗೆ ಅನ್ನ ಬೇಯಿಸಿ ತಟ್ಟೆಗೆ ಹಾಕಿ ಅತ್ತೆಯ ಮುಂದಿಟ್ಟಳು. ಮುಖ ತಿರುಗಿಸಿದರೆ ಇವತ್ತು ಎರಡು ಮಾತು ಆಡಿಯೇಬಿಡುವುದು ಎಂದು ಸೆರಗು ಸಿಕ್ಕಿಸಿಕೊಂಡೇ ಬಂದಿದ್ದಳು.

ಮುದುಕಿ ಮುಖ ತಿರುಗಿಸಲಿಲ್ಲ. ತಟ್ಟೆ ನೋಡಿದಳು, ಸೊಸೆಯ ಮುಖ ನೋಡಿದಳು. "ಅಮ್ಮಾ, ಹೇಳ್ಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೂರು ಬೆರಳು ಜೋಡಿಸಿ ತಟ್ಟೆಯ ಅಂಚನ್ನು ಮೆಲ್ಲಗೆ ತಟ್ಟಿದಳು.

"ತುತ್ತು ಕೊಟ್ಟವನೇ, ತುತ್ತು ನಿನ್ನದು. ಕೈ ಕೊಟ್ಟವನೇ, ಕೈಯೂ ನಿನ್ನದು."

ಚಮಚ ಬಿದ್ದದ್ದು ಆಗ. ಅದು ಗುಂಡಿ ಅಕ್ಕನ ತಾಯಿಯ ಪ್ರಾರ್ಥನೆ. ಅದೇ ರಾಗ, ಅದೇ ತಟ್ಟು. ಮುದುಕಿ ಅಲ್ಲಿಗೂ ನಿಲ್ಲಿಸಲಿಲ್ಲ.

"ಬಾಗಿಲ ಒಳಗಿನವರು ಉಂಡೆವು. ಹೊರಗಿನವರನ್ನು ನೀನು ಕರೆ."

ಇಷ್ಟು ವರ್ಷ ತಡಕಾಡಿ ಸಿಗದ ಅರ್ಧ. ತನ್ನನ್ನು ಹೊಸ್ತಿಲಲ್ಲೇ ನಿಂತು ನಿರಾಕರಿಸಿದ ಬಾಯಿಂದ ಅದು ಬಂದಿತ್ತು. ಗುಂಡಿ ಅಕ್ಕ ಗೋಡೆ ಹಿಡಿದು ಕೂತಳು.

"ಅತ್ತೆ, ಇದನ್ನ ನಿಮಗೆ ಯಾರು ಕಲಿಸಿದ್ರು?"

"ನಮ್ಮಮ್ಮ" ಎಂದಳು ಮುದುಕಿ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಮರುಕ್ಷಣವೇ ಮಂಜು ಸರಿದವಳ ಹಾಗೆ ಕಣ್ಣು ಅಗಲವಾಯಿತು. ಸೊಸೆಯ ಮುಂಗೈಯನ್ನು ಉಗುರು ಊರುವಂತೆ ಹಿಡಿದಳು. "ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ನನ್ನ ಮಕ್ಕಳನ್ನ ಕಿತ್ಕೊಂಡು ನನ್ನ ಹೊರಗೆ ಹಾಕ್ತಾರೆ. ಹೇಳಲ್ಲ ಅನ್ನು."

"ಹೇಳಲ್ಲ ಅತ್ತೆ" ಎಂದುಬಿಟ್ಟಳು ಗುಂಡಿ ಅಕ್ಕ.

ಹೇಳಿಬಿಟ್ಟಳು ಸರಿ, ಹೊಟ್ಟೆಯೊಳಗಿನ ಕಿಚ್ಚು ಸುಮ್ಮನಿರಬೇಕಲ್ಲ. ಪಾತ್ರೆ ತಿಕ್ಕುವಾಗ, ಬೀದಿಗೆ ಕೇಳುವಂತೆ ಕೂಗಿ ಹೇಳಬೇಕು ಅನ್ನಿಸಿತು. ತಾನೂ ಹೊರಗಿನಿಂದ ಬಂದವಳೇ ಆಗಿ ನನ್ನನ್ನು ಹೀಗೆ ಗೋಳು ಹುಯ್ದುಕೊಂಡಳಲ್ಲ! ಪಾತ್ರೆ ಮುಗಿಯುವಷ್ಟರಲ್ಲಿ ಇನ್ನೊಂದು ಹೊಳೆದು ಕೈ ನಿಂತಿತು. ಆ ನೀರಿನ ಲೋಟ. ನೀರು ಮುಟ್ಟಿದ್ದರೆ ಊಟಕ್ಕೂ ಕೂರಬೇಕಾಗುತ್ತಿತ್ತು. ಸೊಸೆಯ ಮನೆಯಲ್ಲಿ, ಸೊಸೆಯೆದುರಿಗೆ ಕೂತು ಉಂಡರೆ ಬೆರಳು ತಾನಾಗಿ ಅಂಚು ತಟ್ಟಿಬಿಡುತ್ತದೆ, ಅದನ್ನು ಗುರುತು ಹಿಡಿಯಬಲ್ಲವಳು ಈ ಕುಟುಂಬದಲ್ಲಿ ಇವಳೊಬ್ಬಳೇ. ಮುದುಕಿ ಹೆದರಿದ್ದಳು. ಒಂದು ಇಡೀ ಜೀವಮಾನ, ಪ್ರತಿ ತುತ್ತಿಗೂ ಹೆದರಿ ಬದುಕಿದ್ದಳು. ಗುಂಡಿ ಅಕ್ಕನಿಗೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಅಳು ಮಾತ್ರ ಬಂತು.

ಡ್ರೈವರು ಊಟದ ಹೊತ್ತಿಗೆಲ್ಲ ಡ್ಯೂಟಿಯಲ್ಲಿರುತ್ತಿದ್ದ. ಗುಟ್ಟು ಅತ್ತೆ ಸೊಸೆಯ ನಡುವೆಯೇ ಉಳಿಯಿತು. ಹೊತ್ತು ಹೊತ್ತಿಗೂ ಬೆರಳು ತಟ್ಟುವುದು, ಪ್ರಾರ್ಥನೆ, ಆಮೇಲೆ ತುತ್ತು. ಗಂಡನಿಂದ ಏನನ್ನೂ ಮುಚ್ಚಿಟ್ಟು ಅಭ್ಯಾಸವಿಲ್ಲದ ಗುಂಡಿ ಅಕ್ಕನಿಗೆ ಅವನ ಮುಖ ನೋಡುವುದೇ ಕಷ್ಟವಾಯಿತು.

ಒಂದು ಭಾನುವಾರ ಅಧ್ಯಕ್ಷರು ಬಂದರು. ಡ್ರೈವರೂ ಮನೆಯಲ್ಲಿದ್ದ. ಕೆಳಗಿನ ಕೋಣೆ ಸಿದ್ಧವಾಗಿದೆ, ತಾಯಿಯನ್ನು ಕರೆದೊಯ್ಯುವುದು ಯಾವಾಗ ಎಂದು ಮಾತು ಶುರುವಾಯಿತು. ಗುಂಡಿ ಅಕ್ಕ ಒಲೆಯ ಮುಂದೆ ಬೇಕೆಂದೇ ತಡ ಮಾಡಿದಳು. ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಭಾವ ಹೊರಟ ಮೇಲೆ ಬಡಿಸಿದರಾಯಿತು ಎಂಬುದು ಲೆಕ್ಕ.

"ಅಮ್ಮನಿಗೆ ಇನ್ನೂ ಊಟ ಕೊಟ್ಟಿಲ್ವಾ?" ಒಳಗಿನಿಂದ ಭಾವನ ಗದರಿಕೆ ಬಂತು. "ತಗೊಂಡು ಬಾ. ಹೆಂಗೆ ನೋಡ್ಕೋತಿದ್ದೀರಿ ನಾನೂ ನೋಡ್ತೀನಿ."

ಬೇರೆ ದಾರಿಯಿರಲಿಲ್ಲ. ತಟ್ಟೆಯನ್ನು ಮಂಚದ ಪಕ್ಕ ಇಡದೆ ಕೈಯಲ್ಲೇ ಹಿಡಿದು, ಚಮಚವನ್ನು ನೇರ ಬಾಯಿಗೆ ಒಯ್ದಳು. ಮುದುಕಿ ತಲೆಯಾಡಿಸಿದಳು. ಕೈ ಚಾಚಿ ಅಂಚನ್ನು ಹುಡುಕಿ ಹಿಡಿದಳು. ಮೂರು ಬೆರಳು.

"ತುತ್ತು ಕೊಟ್ಟವನೇ, ತುತ್ತು ನಿನ್ನದು..."

"ಏನಿದು!" ಅಧ್ಯಕ್ಷರು ಕುರ್ಚಿ ಬೀಳುವಂತೆ ಎದ್ದರು. "ಇದು ನಮ್ಮ ಪ್ರಾರ್ಥನೆ ಅಲ್ಲ, ಇವಳ ಕಡೆಯದ್ದು! ನನ್ನ ತಾಯಿಯ ಬಾಯಲ್ಲಿ! ಯಾರು ಕಲಿಸಿದ್ದು ಇದನ್ನ?"

ಮುದುಕಿ ಪೆಟ್ಟು ತಪ್ಪಿಸಿಕೊಳ್ಳುವ ಮಗುವಿನ ಹಾಗೆ ಮುದುಡಿದಳು. ಕಣ್ಣು ಮಾತ್ರ ಸೊಸೆಯ ಮೇಲಿತ್ತು. ಹೇಳಲ್ಲ ಅಂದಿದ್ದೆಯಲ್ಲ ಎನ್ನುವ ಕಣ್ಣು.

"ನಾನೇ ಕಲಿಸಿದೆ ಭಾವ" ಎಂದಳು ಗುಂಡಿ ಅಕ್ಕ.

ಡ್ರೈವರಿಗೆ ಗರ ಬಡಿದಂತಾಯಿತು. "ನೀನಾ?" ಎಂದ. ಅಣ್ಣನ ಕೂಗಾಟಕ್ಕಿಂತ ಆ ಒಂದು ಮಾತು ಅವಳಿಗೆ ಚುಚ್ಚಿತು.

"ಬುದ್ಧಿ ಸ್ವಾಧೀನದಲ್ಲಿಲ್ಲದ ಮುದುಕಿಗೆ ಕಲಿಸ್ತೀಯಾ? ನಿನಗೆ ನಾಚಿಕೆ ಆಗಲ್ವಾ?" ಅಧ್ಯಕ್ಷರ ತುಟಿ ಅದುರುತ್ತಿತ್ತು. ಅವರ ಸಂಕಟವೂ ಸುಳ್ಳಲ್ಲ. "ನಾಳೆ ಬೆಳಿಗ್ಗೆ ಗಾಡಿ ತರ್ತೀನಿ. ಅಮ್ಮನ ಮೇಲೆ ಇವಳ ನೆರಳೂ ಬೀಳಬಾರದು" ಎಂದು ತಮ್ಮನಿಗೆ ಹೇಳಿ ಹೊರಟುಹೋದರು.

ಗಂಡ ಅವಳತ್ತ ಬೆನ್ನು ಹಾಕಿ ಕೂತ. "ನಾವು ಮಗಳಿಗೂ ಕಲಿಸ್ಲಿಲ್ಲ" ಎಂದು ಒಮ್ಮೆ ಗೋಡೆಗೆ ಹೇಳಿದ. ಗುಂಡಿ ಅಕ್ಕ ಅತ್ತೆಯ ಬಟ್ಟೆ ಮಡಚುತ್ತ ಕೂತಳು. ತಾನು ಮಾತು ಮುರಿದೆನೆಂದು ಅವನು ನಂಬಿಬಿಟ್ಟದ್ದು ಒಂದು ಸಂಕಟ. ಅದಕ್ಕಿಂತ ದೊಡ್ಡದು ನಾಳೆಯದು. ಆ ಮನೆಯಲ್ಲಿ ಮುದುಕಿ ಮತ್ತೆ ಅಂಚು ತಟ್ಟಿದಾಗ, ನಾನೇ ಕಲಿಸಿದೆ ಎನ್ನಲು ಅಲ್ಲಿ ಯಾರಿರುತ್ತಾರೆ?

ಬೆಳಿಗ್ಗೆ ಅವಳು ತಟ್ಟೆ ಎತ್ತಿಕೊಂಡರೆ ಗಂಡ ಅದನ್ನು ಕಸಿದುಕೊಂಡ. "ಕೊಡು. ನಾನೇ ತಿನ್ನಿಸ್ತೀನಿ."

ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಮಂಚದ ಮೇಲೆ ಮುದುಕಿ ತಟ್ಟೆಯ ಅಂಚು ತಟ್ಟಿದ ಸದ್ದು ಕೇಳಿಸಿತು. "ಬೇಡಮ್ಮ" ಎಂದ ಮಗ. ಮುದುಕಿ ಕೇಳಲಿಲ್ಲ. ತುತ್ತಿನ ಮಾತು ಮುಗಿಯಿತು, ಕೈಯ ಮಾತು ಮುಗಿಯಿತು. ಡ್ರೈವರು ಚಮಚ ಎತ್ತಿದ.

"ಬಾಗಿಲ ಒಳಗಿನವರು ಉಂಡೆವು. ಹೊರಗಿನವರನ್ನು ನೀನು ಕರೆ" ಎಂದಳು ಅವನ ತಾಯಿ.

ಚಮಚ ಗಾಳಿಯಲ್ಲೇ ನಿಂತಿತು. ಅವನು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ಉಳಿದರ್ಧ ನಿನಗೆ ಬರ್ತಿರಲಿಲ್ಲ" ಅಂದ. "ಬಸ್ಸಲ್ಲಿ ಅತ್ತಿದ್ದೆ ನೀನು."

ಗುಂಡಿ ಅಕ್ಕ ಬಾಗಿಲು ಬಿಟ್ಟು ಮಂಚದ ಬಳಿ ಬಂದಳು.

"ಅಮ್ಮನಿಗೆ ನೀನು ಕಲಿಸಿಲ್ಲ."

"ಯಾರಿಗೂ ಹೇಳ್ಬೇಡ ಅಂದಿದ್ರು ರೀ" ಎಂದಳು ಅವಳು. "ಮಕ್ಕಳನ್ನ ಕಿತ್ಕೋತಾರೆ ಅಂತ ಹೆದರ್ಕೊಂಡಿದ್ರು."

ಅವನು ತಾಯಿಯ ಬಿಳಿಗೂದಲನ್ನೂ, ತನ್ನ ಎರಡು ಅಂಗೈಗಳನ್ನೂ ಈವರೆಗೆ ನೋಡಿಯೇ ಇರದವನಂತೆ ನೋಡುತ್ತ ಕೂತ. ಮದುವೆ ಬೇಡವೆಂದು ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತವಳು ಇವಳೇ. ಯಾಕೆ ಅತ್ತಳೆಂದು ಇಷ್ಟು ವರ್ಷ ತಪ್ಪು ತಿಳಿದು ಬದುಕಿದ್ದೆನಲ್ಲ ಎಂದುಕೊಂಡ. ಮುದುಕಿಗೆ ಇದೊಂದೂ ಬೇಡ. ಹಸಿವಾಗಿತ್ತು. ಬಾಯಿ ತೆರೆದುಕೊಂಡು ಚಮಚಕ್ಕೆ ಕಾಯುತ್ತಿದ್ದಳು. ಅವನು ತಿನ್ನಿಸಿದ.

ಅಷ್ಟರಲ್ಲಿ ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಅಧ್ಯಕ್ಷರು ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು, "ಅಮ್ಮನ ಬಟ್ಟೆಬರೆ ಕಟ್ಟಿದ್ದೀರಾ?" ಎಂದರು.

ಡ್ರೈವರು ಎಂಜಲು ಚಮಚವನ್ನು ಕೈಯಲ್ಲೇ ಹಿಡಿದು ಬಾಗಿಲಿಗೆ ಹೋದ. ಗುಂಡಿ ಅಕ್ಕ ಅವನ ಹಿಂದೆಯೇ ಎರಡು ಹೆಜ್ಜೆ ಇಟ್ಟಳು. ಈಗ ನಿಜ ಹೇಳಿಬಿಡುತ್ತಾನೆ, ಹೆಂಡತಿಯ ಮೇಲಿನ ಅಪವಾದ ತೊಳೆಯಲು ತಾಯಿಯನ್ನು ಬಯಲಿಗೆ ಎಳೆಯುತ್ತಾನೆ ಎಂದುಕೊಂಡಳು.

"ಅಮ್ಮ ಎಲ್ಲೂ ಬರಲ್ಲ ಅಣ್ಣ, ಇಲ್ಲೇ ಇರ್ತಾಳೆ" ಎಂದ ಅವನು. "ಇವಳನ್ನ ಬೈಬೇಡ. ಅಮ್ಮನಿಗೆ ಅದನ್ನ ಕಲಿಸು ಅಂತ ಹೇಳಿದ್ದು ನಾನು."

ಒಳಗಿನಿಂದ ಮುದುಕಿ, ಇನ್ನೊಂದು ತುತ್ತು ಎಲ್ಲಿ ಎಂದು ಕೂಗಿದಳು. ಡ್ರೈವರು ಅಣ್ಣನನ್ನು ಹೊಸ್ತಿಲಾಚೆಯೇ ಬಿಟ್ಟು, ತಾಯಿಗೆ ತಿನ್ನಿಸಲು ಒಳಗೆ ಹೋದ.