ತೆರೆಯ ಮೇಲೆ ಕೇಳದ ದನಿ

ಮಾಸ್ಟರ್ ಅವರ ಮುಷ್ಟಿಯಲ್ಲಿ ಗೆಣ್ಣುಗಳೇ ಇರಲಿಲ್ಲ. ನಾವೆಲ್ಲ ಬೆರಳು ಮಡಚಿದರೆ ಏರುತಗ್ಗಾಗಿ ಮೂಳೆಗಳು ಎದ್ದು ಕಾಣುತ್ತವಲ್ಲ, ಅವರದು ಹಾಗಲ್ಲ. ಅಲ್ಲಿದ್ದದ್ದು ಒಂದೇ ಸಮನಾದ, ಬೂದುಬಣ್ಣದ ದಪ್ಪ ಚರ್ಮ, ಬರಿಗಾಲಲ್ಲಿ ನಡೆದವರ ಹಿಮ್ಮಡಿಯ ಹಾಗೆ. ಚಿಕ್ಕಂದಿನಿಂದ ಮರಳಿನ ಚೀಲಕ್ಕೆ, ಹಲಗೆಗೆ, ಕೊನೆಗೆ ಗೋಡೆಗೂ ಗುದ್ದಿ ಗುದ್ದಿ ಹಾಗಾದದ್ದು. ಭಾನುವಾರ ಮಧ್ಯಾಹ್ನ ಅದೇ ಕೈಗಳಿಂದ ಜೋಳದ ರೊಟ್ಟಿ ಬಡಿಯುತ್ತಿದ್ದರು. ಒಮ್ಮೆ ಆ ಸದ್ದಿಗೆ ಕೆಳಗಿನ ಮನೆಯ ಚೀನೀ ಅಜ್ಜಿ ಜಗಳಕ್ಕೆಂದೇ ಮೇಲೆ ಬಂದವಳು ಬಿಸಿ ರೊಟ್ಟಿ ತಿಂದು ಹೋದಳು. ಆಮೇಲಾಮೇಲೆ, ಸದ್ದು ಕೇಳಿಸದ ಭಾನುವಾರ ಅವಳೇ ಬಂದು ವಿಚಾರಿಸುತ್ತಿದ್ದಳು.

ಅವರ ಮನೆ ಸಿಂಗಪುರದ ಸೆರಂಗೂನ್‌ನ ನಮ್ಮ ಬ್ಲಾಕಿನಲ್ಲೇ ಇತ್ತು. ಹತ್ತಿರದ, ಉಳ್ಳವರ ಒಂದು ಕಾಂಡೋ ಅಪಾರ್ಟ್ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದರು. ಹೆಂಡತಿ ಇಲ್ಲೇ ಹುಟ್ಟಿ ಬೆಳೆದ ತಮಿಳಿನವರು, ಆಸ್ಪತ್ರೆಯಲ್ಲಿ ನರ್ಸ್. ನಮಗೆ ಆಂಟಿ. ಗಂಡನ ಜೊತೆಗಿದ್ದು ಒಂದಿಷ್ಟು ಕನ್ನಡ ಕಲಿತಿದ್ದರು. ಮಕ್ಕಳಿರಲಿಲ್ಲ. ಭಾನುವಾರ ಬೆಳಿಗ್ಗೆ ಬ್ಲಾಕಿನ ಕೆಳಗೆ, ಕಂಬಗಳ ನಡುವಿನ ಖಾಲಿ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಮಾಸ್ಟರ್ ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದರು. ತಮಿಳು, ಮಲಯ್, ಚೀನೀ ಮಕ್ಕಳೆಲ್ಲ ಅವರಿಂದಾಗಿ ಕನ್ನಡದಲ್ಲಿ ಹತ್ತರವರೆಗೆ ಎಣಿಸುವುದನ್ನು ಕಲಿತಿದ್ದರು. ಅದೂ ಅವರ ಊರಾದ ಗದಗಿನ ಕನ್ನಡದಲ್ಲಿ.

ಅವರು ಯಾರೆಂದು ನಮ್ಮ ಮನೆಯಲ್ಲಿ ಮೊದಲು ಗುರುತಿಸಿದ್ದು ಅಪ್ಪ. ಪಾಸಿರ್ ಪಂಜಾಂಗ್‌ನ ಶಿಪ್ಪಿಂಗ್ ಆಫೀಸಿನಿಂದ ಬಂದು ಲಿಫ್ಟ್ ಹತ್ತಿದವರಿಗೆ, ಯೂನಿಫಾರ್ಮಿನಲ್ಲಿ ಒಂದು ಕಾಲು ಎಳೆಯುತ್ತ ಒಳಗೆ ಬಂದ ಮನುಷ್ಯನನ್ನು ಕಂಡು ತಮ್ಮ ಮಹಡಿಯ ಗುಂಡಿ ಒತ್ತುವುದೇ ಮರೆತುಹೋಯಿತಂತೆ. ಕಾಲೇಜಿನಲ್ಲಿದ್ದಾಗ ಅಪ್ಪ ಕ್ಲಾಸು ತಪ್ಪಿಸಿ ನೋಡಿದ ಸಿನಿಮಾಗಳೆಲ್ಲ ಈ ಮನುಷ್ಯನವೇ. ಹಣೆಗೆ ಪಟ್ಟಿ ಕಟ್ಟಿಕೊಂಡು, ಗಾಳಿಯಲ್ಲಿ ತಿರುಗಿ ಒದೆಯುತ್ತಿದ್ದ ಹೀರೋ. ಆಗ ಕನ್ನಡದಲ್ಲಿ ಹಾಗೆ ಒದೆಯುವವರು ಬೇರೆ ಯಾರೂ ಇರಲಿಲ್ಲ ಎಂದು ಅಪ್ಪ ಇಂದಿಗೂ ವಾದಿಸುತ್ತಾರೆ. ನೀವು ಅವರೇ ಅಲ್ಲವೇ ಎಂದು ಅಪ್ಪ ಕೇಳಿದ್ದಕ್ಕೆ ಮಾಸ್ಟರ್, "ಆಗಿದ್ದೆ ರೀ," ಎಂದರಂತೆ.

ಮನೆಗೆ ಬಂದ ಅಪ್ಪನ ಮುಖದಲ್ಲಿ ಖುಷಿಯ ಜೊತೆಗೇ ಏನೋ ಕಸಿವಿಸಿ. ತೆರೆಯ ಮೇಲೆ ಆ ಹೀರೋನ ಗಂಟಲು ಗುಡುಗಿನಂತಿತ್ತು. ಲಿಫ್ಟಿನಲ್ಲಿ ಕೇಳಿದ್ದು ಸಣ್ಣಗಿನ, ಸ್ವಲ್ಪ ಮೂಗಿನಲ್ಲಿ ಬರುವ, ಅಪ್ಪಟ ಗದಗಿನ ದನಿ.

ನನ್ನನ್ನು ಕರಾಟೆಗೆ ಸೇರಿಸಿದ್ದು ಅಮ್ಮ. ನನಗಾಗ ಒಂಬತ್ತು ವರ್ಷ, ಉಗ್ಗು ಇತ್ತು. ಶಾಲೆಯಲ್ಲಿ ಹೆಸರು ಕೇಳಿದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ಕೇಳಿದವರು ಕನಿಕರದಿಂದಲೋ ಅವಸರದಿಂದಲೋ ನನ್ನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಅಮ್ಮನೂ ಹಾಗೇ ಮಾಡುತ್ತಿದ್ದಳು. ಕೈಕಾಲು ಗಟ್ಟಿಯಾದರೆ ಧೈರ್ಯ ಬಂದೀತೆಂದು ಅಮ್ಮನ ಲೆಕ್ಕ.

ಮೊದಲ ವಾರವೇ ಮಾಸ್ಟರ್ ನನ್ನನ್ನು ಸಾಲಿನ ಮುಂದೆ ನಿಲ್ಲಿಸಿ ಎಣಿಸಲು ಹೇಳಿದರು. ನಾನು ಎಣಿಸಿದಂತೆ ಉಳಿದವರು ಒಂದೊಂದು ಗುದ್ದು ಗುದ್ದಬೇಕು. "ಮೂ..." ಎಂಬಲ್ಲಿ ನಿಂತೆ. ಮುಷ್ಟಿ ಎತ್ತಿದ ಮಕ್ಕಳೆಲ್ಲ ಹಾಗೇ ನಿಂತರು. ಹಿಂದಿನಿಂದ ಒಬ್ಬ ಆ ಪದ ಹೇಳಿಕೊಡಲು ಹೋದ. ಮಾಸ್ಟರ್ ಅವನನ್ನು ಸುಮ್ಮನಾಗಿಸಿ, ಕೈ ಕಟ್ಟಿಕೊಂಡು, ಬಸ್ಸಿಗೆ ಕಾಯುವವರ ಹಾಗೆ ನೆಮ್ಮದಿಯಾಗಿ ನಿಂತುಬಿಟ್ಟರು. ನನಗೆ ಅಳು ಬಂತು. ಆಮೇಲೆ ಮೂರು ಬಂತು.

"ಅದು ಆಕಿ ಮಾತು," ಎಂದರು ಮಕ್ಕಳ ಕಡೆ ತಿರುಗಿ. "ಆಕೀನ ಹೇಳ್ಲಿ. ನಮಗೇನ್ ಅವಸರ ಐತಿ?"

ಅಲ್ಲಿಯವರೆಗೆ ಯಾರೂ ನನಗಾಗಿ ಹಾಗೆ ಕಾದಿರಲಿಲ್ಲ. ಹೈಸ್ಕೂಲು ಮುಗಿಯುವವರೆಗೂ ಪ್ರತಿ ಭಾನುವಾರ ಎಣಿಸಿದ್ದು ನಾನೇ. ಇವತ್ತು ಆಫೀಸಿನಲ್ಲಿ ದೊಡ್ಡವರ ಮುಂದೆ ನಿಂತು ಮಾತಾಡುತ್ತೇನೆ. ಉಗ್ಗು ಈಗಲೂ ಬರುತ್ತದೆ. ಬಂದರೆ ನಿಂತು ಕಾಯುತ್ತೇನೆ, ಕೇಳುವವರೂ ಕಾಯುತ್ತಾರೆ.

ತಮ್ಮ ಸಿನಿಮಾಗಳ ಬಗ್ಗೆ ಅವರು ತಾವಾಗಿ ಎಂದೂ ಮಾತೆತ್ತುತ್ತಿರಲಿಲ್ಲ. ಒಮ್ಮೆ ಕ್ಲಾಸಿನ ಹುಡುಗನೊಬ್ಬ ಯೂಟ್ಯೂಬಿನಲ್ಲಿ ಅವರ ಹಳೆಯ ಫೈಟಿಂಗ್ ದೃಶ್ಯ ಹುಡುಕಿ ಫೋನು ಹಿಡಿದುಕೊಂಡು ಬಂದ. ಎಲ್ಲರೂ ಮುತ್ತಿಕೊಂಡು ನೋಡಿದೆವು. ಅದರಲ್ಲಿ ಅವರು ಏಳು ಜನರನ್ನು ಹೊಡೆದುರುಳಿಸಿ ಗುಡುಗುವ ದನಿಯಲ್ಲಿ ಉದ್ದದ ಡೈಲಾಗು ಹೇಳುತ್ತಾರೆ. ಇದು ನಿಮ್ಮ ವಾಯ್ಸಾ ಎಂದು ಹುಡುಗ ಕೇಳಿದ. "ಒದಿ ನಂದು. ಮಾತು ಬ್ಯಾರೇದಾವಂದು," ಎಂದು ಹೇಳಿ ಮಾಸ್ಟರ್ ನಮ್ಮನ್ನೆಲ್ಲ ಸಾಲಿಗೆ ಕಳಿಸಿದರು.

ಆ ಕಥೆಯನ್ನು ನಾನು ಕೇಳಿದ್ದು ತುಂಡುತುಂಡಾಗಿ, ಅವರು ರೊಟ್ಟಿ ಬಡಿಯುವಾಗ ಅಡುಗೆಮನೆಯ ಬಾಗಿಲಲ್ಲಿ ಕೂತು. ಗರಡಿಯಲ್ಲಿ ಬೆಳೆದು, ಹುಬ್ಬಳ್ಳಿಯಲ್ಲಿ ಕರಾಟೆ ಕಲಿತು, ಬೆಂಗಳೂರಿಗೆ ಹೋಗಿ ಹೀರೋಗಳ ಬದಲಿಗೆ ಒದೆ ತಿನ್ನುವ ಕೆಲಸ ಮಾಡುತ್ತಿದ್ದರಂತೆ. ಹಾಂಗ್‌ಕಾಂಗ್ ಸಿನಿಮಾಗಳಿಗೆ ಜನ ಮುಗಿಬೀಳುತ್ತಿದ್ದ ಕಾಲ. ನಿರ್ಮಾಪಕರೊಬ್ಬರು ಇವರನ್ನೇ ಹೀರೋ ಮಾಡಿದರು. ಆದರೆ ಡಬ್ಬಿಂಗ್ ದಿನ ಸ್ಟುಡಿಯೋದಲ್ಲಿ ಇವರು ಬಾಯಿ ತೆರೆದ ಕೂಡಲೇ ಆ ನಿರ್ಮಾಪಕ, "ನಿನ್ನ ಒದೆ ನಡೆಯುತ್ತೆ ಕಣಯ್ಯ, ಮಾತು ನಡೆಯಲ್ಲ," ಎಂದು ಕಳಿಸಿಬಿಟ್ಟರಂತೆ. ಒಳ್ಳೆಯ ಕಂಠದ ಡಬ್ಬಿಂಗ್ ಕಲಾವಿದರೊಬ್ಬರನ್ನು ಕರೆಸಿದರು. ಆಮೇಲಿನ ಎಲ್ಲ ಚಿತ್ರಗಳಲ್ಲೂ ಅವರದೇ ದನಿ. ಪ್ರತಿ ಚಿತ್ರಕ್ಕೂ ಮೊದಲು ಮಾಸ್ಟರ್ ಒಮ್ಮೆ ಬೇಡಿಕೊಂಡು ನೋಡುತ್ತಿದ್ದರಂತೆ, ಈ ಸಲ ನಾನೇ ಮಾತಾಡಲಾ ಎಂದು.

ಕೊನೆಯ ಚಿತ್ರದ ಶೂಟಿಂಗಿಗೆ ತಂಡ ಸಿಂಗಪುರಕ್ಕೆ ಬಂದಿತ್ತು. ಕಲ್ಲಾಂಗ್ ನದಿಯ ಬಳಿಯ ಹಳೆಯ ಗೋದಾಮಿನ ಮೇಲಿನಿಂದ ಇವರು ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆ ಹಾರಬೇಕು. ಬೆಳಿಗ್ಗೆ ಮಳೆ ಬಂದು ರಟ್ಟು ನೆನೆದಿತ್ತು. ಬೇರೆ ಪೆಟ್ಟಿಗೆ ತರಿಸೋಣ ಎಂದು ಇವರು ಹೇಳಿದ್ದಕ್ಕೆ, ಬೆಳಕು ಹೋಗುತ್ತದೆ ಎಂಬ ಉತ್ತರ ಬಂತು. ಹಾರಿದರು. ಹಿಮ್ಮಡಿಯ ಮೂಳೆ ಚೂರಾಯಿತು, ಬೆನ್ನಿಗೂ ಪೆಟ್ಟಾಯಿತು.

ನಿರ್ಮಾಪಕ ಆಸ್ಪತ್ರೆಗೆ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದು, ನೀನು ಹುಷಾರಾಗು, ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ವಿಮಾನ ಹತ್ತಿದರು. ಮತ್ತೆ ಬರಲಿಲ್ಲ. ಇವರಷ್ಟೇ ಎತ್ತರದ ಒಬ್ಬನನ್ನು ಬೆನ್ನಿನ ಕಡೆಯಿಂದ ತೋರಿಸಿ ಬೆಂಗಳೂರಿನಲ್ಲಿ ಚಿತ್ರ ಮುಗಿಸಿದರು. ದನಿ ಹೇಗೂ ಇವರದಾಗಿರಲಿಲ್ಲವಲ್ಲ. ಆ ದನಿ ಹಾಗೆಯೇ ಗುಡುಗುತ್ತಿದ್ದುದರಿಂದ ಹೀರೋ ನಡುವೆಯೇ ಕಾಣೆಯಾದದ್ದು ನೋಡಿದವರಿಗೆ ಗೊತ್ತೇ ಆಗಲಿಲ್ಲ. ಚಿತ್ರ ಚೆನ್ನಾಗಿ ಓಡಿತು.

ಆ ವಾರ್ಡಿನಲ್ಲಿದ್ದ ನರ್ಸ್ ನಮ್ಮ ಆಂಟಿ. ಭಾಷೆ ಬಾರದೆ, ಕೇಳುವವರಿಲ್ಲದೆ ಮಲಗಿದ್ದ ಮನುಷ್ಯನಿಗೆ ಊಟ ತಿನ್ನಿಸಿ, ನಡೆಯಲು ಕಲಿಸಿ, ಕೊನೆಗೆ ಮನೆಯವರೊಂದಿಗೆ ಜಗಳವಾಡಿ ಮದುವೆಯಾದರು. ಆಂಟಿ ಮಾಸ್ಟರ್ ಅವರ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಮಾಸ್ಟರ್ ನೋಡಗೊಡಲಿಲ್ಲ.

ಮೂರ್ನಾಲ್ಕು ವರ್ಷಗಳ ಕೆಳಗೆ ಬೆಂಗಳೂರಿನಿಂದ ಒಬ್ಬ ಯುವ ನಿರ್ದೇಶಕ ಅವರನ್ನು ಹುಡುಕಿಕೊಂಡು ಬಂದ. ಕಾಂಡೋ ಗೇಟಿನ ಗಾರ್ಡ್ ಕೋಣೆಯ ಮುಂದೆ ನಿಂತು ಅವರ ಕಾಲು ಮುಟ್ಟಿ, "ಸರ್, ಅಲ್ಲಿ ಎಲ್ಲರೂ ನೀವು ಹೋಗ್ಬಿಟ್ರಿ ಅಂತ್ಲೇ ಅಂದ್ಕೊಂಡಿದ್ದಾರೆ," ಎಂದನಂತೆ. ಟಿವಿಯಲ್ಲಿ ಅವರ ಚಿತ್ರ ನೋಡುತ್ತ ಬೆಳೆದವನು. ಅವನ ಹೊಸ ಚಿತ್ರದಲ್ಲಿ ಹೀರೋನ ಗುರುವಿನ ಪಾತ್ರವಿತ್ತು, ಶೂಟಿಂಗ್ ಇಲ್ಲೇ. ಮಾಸ್ಟರ್ ಹಾಕಿದ ಷರತ್ತು ಒಂದೇ: ಮಾತು ನಂದೇ ಇರಬೇಕು. ಅವನು ಹಿಂದೆಮುಂದೆ ನೋಡದೆ ಒಪ್ಪಿದ. ಈಗ ಎಲ್ಲರಿಗೂ ನಿಮ್ಮ ಕಡೆಯ ಭಾಷೆ ಇಷ್ಟ ಸರ್, ಅದೇ ಒರಿಜಿನಲ್ ಎಂದ.

ಆ ತಿಂಗಳುಗಳಲ್ಲಿ ಮಾಸ್ಟರ್ ಅವರನ್ನು ನೀವು ನೋಡಬೇಕಿತ್ತು. ಗಂಟಲಿಗೆಂದು ಬೆಳಿಗ್ಗೆ ಬಿಸಿನೀರು ಕುಡಿದರು. ಎಣ್ಣೆಯ ತಿಂಡಿ ಬಿಟ್ಟರು. ಡೈಲಾಗುಗಳನ್ನು ನನ್ನ ಮುಂದೆ ಹೇಳಿ ಒಪ್ಪಿಸಿದರು, ನಾನು ತಪ್ಪು ಹುಡುಕಬೇಕು. ಶೂಟಿಂಗಿಗೆ ನಾನು ರಜೆ ಹಾಕಿ ಜೊತೆಗೆ ಹೋದೆ. ದನಿಯನ್ನೂ ಅಲ್ಲೇ ರೆಕಾರ್ಡ್ ಮಾಡುತ್ತಿದ್ದರು. ಸತ್ತ ಶಿಷ್ಯನ ಬಗ್ಗೆ ಗುರು ಮಾತಾಡುವ ಉದ್ದನೆಯ ದೃಶ್ಯವೊಂದಿತ್ತು. ಒಂದೇ ಸಲಕ್ಕೆ ಹೇಳಿ ಮುಗಿಸಿದರು. ಆ ಸಣ್ಣ ದನಿ ಎರಡು ಕಡೆ ಒಡೆಯಿತು, ಅಷ್ಟೆ. ಲೈಟಿನ ಹುಡುಗರು ಕೂಡ ಕಣ್ಣೊರೆಸಿಕೊಂಡರು. ನಿರ್ದೇಶಕ ಓಡಿಬಂದು ಅಪ್ಪಿಕೊಂಡ. ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಮಾಸ್ಟರ್ ಕಿಟಕಿಯ ಕಡೆ ಮುಖ ಮಾಡಿ, "ತಂಗಿ, ಇವತ್ತ ನಾ ಸಿನಿಮಾದಾಗ ಮಾತಾಡಿದ್ನಿ," ಎಂದರು.

ಚಿತ್ರ ಬಂದಾಗ ಇಲ್ಲಿನ ಕನ್ನಡದವರೆಲ್ಲ ಸೇರಿ ಸೆರಂಗೂನ್ ಮಾಲಿನ ಥಿಯೇಟರಿನಲ್ಲಿ ಒಂದು ಆಟ ಪೂರ್ತಿ ಬುಕ್ ಮಾಡಿದರು. ಮಾಸ್ಟರ್ ಹಣೆಗೆ ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು ಬಂದರು. ಆಂಟಿ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದರು. ಗಂಡನ ಸಿನಿಮಾ ನೋಡಲು ಅವರು ಬಂದದ್ದು ಅದೇ ಮೊದಲು.

ತೆರೆಯ ಮೇಲೆ ಮಾಸ್ಟರ್ ಬಂದರು, ಬಾಯಿ ತೆರೆದರು. ಹೊರಟಿದ್ದು ಗುಡುಗು. ಹಳೆಯ ಚಿತ್ರಗಳ ಅದೇ ದನಿ, ಬೆಂಗಳೂರಿನ ಅದೇ ನಯವಾದ ಕನ್ನಡ. ಜನಕ್ಕೆ ದನಿಯ ಗುರುತು ಸಿಕ್ಕಿತು. ಆಮೇಲೆ ಥಿಯೇಟರ್ ತುಂಬ ಶಿಳ್ಳೆ. ಅಪ್ಪನ ವಯಸ್ಸಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಡಬ್ಬಿಂಗ್ ಕಲಾವಿದರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ದನಿಯನ್ನು ಹಳೆಯ ರೀಲುಗಳಿಂದ ತೆಗೆದು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ, ಮಾಸ್ಟರ್ ಬಾಯಿಗೆ ಕೂರಿಸಿದ್ದರು.

ಆಂಟಿ ನನ್ನ ಕೈ ಹಿಡಿದೆಳೆದು, "ಯಾರು ಇದು ಮಾತಾಡೋದು? ಇವರ ವಾಯ್ಸ್ ಅಲ್ಲ ಲಾ," ಎಂದು ಇಲ್ಲಿನವರ ಧಾಟಿಯಲ್ಲಿ ಕೇಳಿದರು. ನಾನು ಮಾಸ್ಟರ್ ಕಡೆ ತಿರುಗಿದೆ. ಶಿಷ್ಯನ ಬಗ್ಗೆ ಮಾತಾಡುವ ದೃಶ್ಯ ಬಂತು. ಒಂದು ಕಡೆಯೂ ದನಿ ಒಡೆಯಲಿಲ್ಲ. ಮಾಸ್ಟರ್ ಕೊನೆಯವರೆಗೂ ನೆಟ್ಟಗೆ ಕೂತು ನೋಡಿದರು.

ಹೊರಗೆ ಫೋಟೋಕ್ಕೆ ಸಾಲು ನಿಂತಿತ್ತು. "ನಿಮ್ಮ ವಾಯ್ಸ್ ಈಗಲೂ ಹಾಗೇ ಇದೆ ಸರ್," ಎಂದು ಒಬ್ಬರು ಕೈ ಕುಲುಕಿದರು. ಮಾಸ್ಟರ್ ಅಂದು ಅಷ್ಟು ಜನರಿಗೂ ಬರೀ ಕೈ ಮುಗಿದರು.

ನಾನು ಅಲ್ಲಿಂದಲೇ ನಿರ್ದೇಶಕನಿಗೆ ಫೋನ್ ಮಾಡಿದೆ. ಅವನಿಗೆ ತಪ್ಪು ಮಾಡಿದೆ ಎಂಬ ಭಾವನೆಯೇ ಇರಲಿಲ್ಲ. ಮೊದಲು ಕೆಲವರಿಗೆ ತೋರಿಸಿ ನೋಡಿದೆವು ಮೇಡಂ, ಸರ್ ದನಿ ಯಾರಿಗೂ ಕನೆಕ್ಟ್ ಆಗಲಿಲ್ಲ, ಈ ದನಿಗೆ ಜನ ಹುಚ್ಚೆದ್ದರು, ಸರ್‌ಗೆ ಸರ್‌ಪ್ರೈಸ್ ಇರಲಿ ಅಂತ ಹೇಳಲಿಲ್ಲ ಎಂದ. ನಿಜವಾಗಿಯೂ ಹಾಗೇ ನಂಬಿದ್ದ. ನಾನು ಫೋನ್ ಕಟ್ ಮಾಡಿದೆ.

ಬಸ್ ಸ್ಟಾಪಿನಲ್ಲಿ ಮಾಸ್ಟರ್ ನೋಯುವ ಕಾಲು ಚಾಚಿ ಕೂತರು. ಆಮೇಲೆ ಹೇಳಿದರು: "ಆ ಡಬ್ಬಿಂಗಿನಾಂವ ಬಾಳ ಛಲೋ ಮನಷ್ಯಾ. ಪ್ರತಿ ಸಲ ನನ್ನ ಹತ್ರ ಬಂದು, ನಿಮ್ಮ ಬಾಯಿ ಕಿತ್ಕೊಳ್ತಿದೀನಿ, ಕ್ಷಮಿಸಿ ಅಂತಿದ್ದ. ಈಗ ಸತ್ತ ಮ್ಯಾಲೂ ಅವನ ಕಡಿಂದ ದುಡಿಸ್ಯಾರ. ಅವನ್ನೂ ಯಾರೂ ಕೇಳಿಲ್ಲ ನೋಡು."

ನನ್ನ ಸಿಟ್ಟಿಗೆ ಆ ಮಾತು ಸಾಲಲಿಲ್ಲ. ಅವರು ಕೂಗಾಡಬೇಕಿತ್ತು, ಅಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ಅವರು ಮಾತು ಕಡಿಮೆ ಮಾಡಿದರು. ಕ್ಲಾಸಿನಲ್ಲಿ, ನಾನು ಬಿಟ್ಟ ಮೇಲೆ ತಾವೇ ಹೇಳುತ್ತಿದ್ದ ಎಣಿಕೆಯನ್ನೂ ಮಕ್ಕಳಿಗೇ ಬಿಟ್ಟರು. ಹೋದ ವರ್ಷ ಒಂದು ಬೆಳಿಗ್ಗೆ ಗಾರ್ಡ್ ಕೋಣೆಯ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಸೆಕ್ಯುರಿಟಿ ಅಂಕಲ್ ತೀರಿಕೊಂಡರು, ಒಳ್ಳೆಯವರಿದ್ದರು ಎಂದು ಕಾಂಡೋದವರ ವಾಟ್ಸಾಪ್ ಗುಂಪಿನಲ್ಲಿ ಬಂತಂತೆ. ಅದರ ಕೆಳಗೇ ಪಾರ್ಸೆಲ್‌ಗಳನ್ನು ಇನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಯಾರೋ ಕೇಳಿದ್ದರಂತೆ. ಅವರ ಮನೆತನದ ಪದ್ಧತಿಯಂತೆ ಮಣ್ಣು ಮಾಡಬೇಕೆಂದು ಆಂಟಿ ಹಟ ಹಿಡಿದರು. ಹಾಗೆಯೇ ಮಾಡಿದೆವು. ಪಾಠ ಕಲಿತ ಮಕ್ಕಳೆಲ್ಲ, ಈಗ ಮಕ್ಕಳಿರುವವರೂ ಸೇರಿ, ಬಂದಿದ್ದರು. ಬೆಂಗಳೂರಿನಿಂದ ಯಾರೂ ಬರಲಿಲ್ಲ.

ತಿಂಗಳ ನಂತರ ನಿರ್ದೇಶಕನ ಫೋನ್ ಬಂತು. ದುಃಖ ಹೇಳಿಕೊಂಡ. ಅದು ನಾಟಕವಲ್ಲ. ಆಮೇಲೆ, ಚಿತ್ರದ ಎರಡನೇ ಭಾಗ ಮಾಡುತ್ತಿದ್ದೇವೆ, ಸರ್ ಅದರಲ್ಲಿ ಯುವಕನಾಗಿ ಬರುತ್ತಾರೆ, ಮುಖವನ್ನೂ ಈಗ ಮಾಡಬಹುದು, ಆಂಟಿ ಒಂದು ಮಾತು ಒಪ್ಪಿದರೆ ಸಾಕು ಎಂದ. ನಾನು ಅದನ್ನು ಆಂಟಿಗೆ ಬಿಡಿಸಿ ಹೇಳಿದೆ.

ಆಂಟಿ ಮಾಸ್ಟರ್ ಅವರ ಯೂನಿಫಾರ್ಮ್ ಅಂಗಿಗಳನ್ನು ಮಡಚುತ್ತಿದ್ದರು. "ಮುಖ ಅವರ ಹತ್ರ ಇದೆ, ವಾಯ್ಸ್ ಇದೆ. ಮತ್ತೆ ನಮ್ಮನ್ನ ಯಾಕೆ ಕೇಳೋದು?" ಎಂದರು.

"ನೀವು ಹೂಂ ಅನ್ಬೇಕಂತೆ."

"ಇವರು ಜೀವ ಇರುವಾಗ ಕೇಳಿದ್ರೆ ಇವರೇ ಹೇಳೋರು. ನಾನು ಇವರ ಬದಲಿಗೆ ಮಾತಾಡಲ್ಲ. ಇಲ್ಲ ಅಂತ ಹೇಳು."

ಹೇಳಿದೆ. ಅರ್ಥ ಆಗುತ್ತೆ ಮೇಡಂ ಎಂದು ಅವನು ಫೋನ್ ಇಟ್ಟ.

ಹೋದ ವಾರ ಆ ಚಿತ್ರದ ಟ್ರೈಲರ್ ಬಂದಿದೆ. ಅಪ್ಪ ಕಳಿಸಿದ್ದು. ಅದರಲ್ಲಿ ಇಪ್ಪತ್ತೈದರ ಮಾಸ್ಟರ್ ಎರಡೂ ಕಾಲು ನೆಟ್ಟಗಿಟ್ಟು ನಡೆದು ಬಂದು ನಗುತ್ತಾರೆ, ಅದೇ ಗುಡುಗಿನ ದನಿಯಲ್ಲಿ ಮಾತಾಡುತ್ತಾರೆ. ಲಕ್ಷಗಟ್ಟಲೆ ಜನ ನೋಡಿದ್ದಾರೆ. ಭಾನುವಾರ ಆಂಟಿಯ ಮನೆಗೆ ಹೋದಾಗ, ಫೋನ್ ಬ್ಯಾಗಿನಲ್ಲೇ ಇಟ್ಟುಕೊಂಡು ಕೂತಿದ್ದೆ. ಸಿನಿಮಾದವರು ಮತ್ತೆ ಏನಾದರೂ ಹೇಳಿದರಾ ಎಂದು ಆಂಟಿ ಕೇಳಿದರು. ಇಲ್ಲ ಎಂದೆ. ಸದ್ಯ, ಇನ್ನು ಇವರಿಗೆ ನೆಮ್ಮದಿ ಎಂದು ಹೇಳಿ ಆಂಟಿ ಟೀ ಮಾಡಲು ಎದ್ದರು.