ಅಂಬಾರಾಯನ ಮಜ್ಜಿಗೆ ಗಡಿಗೆ
ಪುಣೆಯ ಕೊಂಢವಾ ಬಡಾವಣೆಯ ನಮ್ಮ ವಸತಿ ಸೊಸೈಟಿಯಲ್ಲಿ ತೋಟ ನೋಡಿಕೊಳ್ಳುವ ಅಂಬಾರಾಯನಿಗೆ ಸಿಟ್ಟು ಬರಲು ಔಷಧದ ಬಾಟಲಿಯೊಂದು ಕಣ್ಣಿಗೆ ಬಿದ್ದರೆ ಸಾಕು. ಗುಲಾಬಿ ಎಲೆಗಳ ಮೇಲೆ ಬೂದಿ ರೋಗದ ಬಿಳಿ ಪುಡಿ ಕಂಡು ಯಾರಾದರೂ ಅಂಗಡಿಗೆ ಓಡಿ ಔಷಧ ತಂದರೋ, "ನಕೋ, ನಕೋ! ಬ್ಯಾಡ!" ಎಂದು ಗೇಟಿನಲ್ಲೇ ತಡೆಯುತ್ತಾನೆ. "ಬಾಟ್ಲಿ ಮ್ಯಾಲೆ ಬುರುಡಿ ಚಿತ್ರ ಹಾಕ್ಯಾರ ನೋಡ್ರಿ! ನನ್ನ ಮಜ್ಜಿಗಿ ಗಡಗಿ ಮ್ಯಾಲೆ ಅದ ಏನು?" ಎಲ್ಲ ಮನೆಗಳ ಉಳಿದ ಮಜ್ಜಿಗೆ ಆ ಗಡಿಗೆಗೇ ಬರಬೇಕು. ನಾಲ್ಕು ದಿನ ಹುಳಿ ಬರಿಸಿ, ನೀರು ಬೆರೆಸಿ, ಸೋಸಿ, ಎಲೆಯ ಎರಡೂ ಮಗ್ಗುಲಿಗೆ ಸಿಂಪಡಿಸುತ್ತಾನೆ. ಹುಳಿ ಹುಟ್ಟಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ ಆ ಬೂಷ್ಟನ್ನು ತಡೆಯುತ್ತವೆ ಎಂದು ಕಾಲೇಜಿನಲ್ಲಿ ಕಲಿಸುವ ಮಾಧುರಿಯವರು ವಿವರಿಸಿದರೆ, "ಗೊತ್ತಿದ್ದೂ ಇಷ್ಟು ದಿನ ಸುಮ್ಮನ ಕುಂತಿದ್ರೇನ್ರಿ?" ಎಂದು ಅವರ ಮೇಲೂ ಹರಿಹಾಯ್ದ. ಗಡಿಗೆ ನಾತ ಹೊಡೆಯುತ್ತದೆ ಎಂದು ನಾವು ಮೂಗು ಮುಚ್ಚಿಕೊಂಡರಂತೂ, ಗಡಿಗೆಯೊಳಗೇ ಮುಖ ಇಳಿಸಿ, ಉದ್ದಕ್ಕೆ ಉಸಿರೆಳೆದು, "ಎಲ್ಲದ ನಾತ? ತೋರಿಸ್ರಿ!" ಎಂದು ಕೂಗಾಡುತ್ತಾನೆ. ಹೂ ಅರಳಿದ ದಿನ ಮಾತ್ರ ಮೆತ್ತಗಾಗಿ, ಹೋಗಿಬರುವವರನ್ನೆಲ್ಲ ನಿಲ್ಲಿಸಿ, "ವಾಸನಿ ಹ್ಯಾಂಗದ ರೀ?" ಎಂದು ಕೇಳುತ್ತಾನೆ. ಎಲ್ಲಾ ಬರೀ ಹಟ, ಹೊಗಳಿಸಿಕೊಳ್ಳುವ ಆಸೆ ಎಂದೇ ನಾನು ತಿಳಿದಿದ್ದೆ. ಮೊನ್ನೆ ಅವನ ಹೆಂಡತಿ ನಾಗವ್ವನ ಮುಂದೆ ಹಾಗೆಂದು ನಕ್ಕೆ. ಅವಳು ನಗಲಿಲ್ಲ. "ಇಲ್ಲಿಗೆ ಬರೂಕಿಂತ ಮೊದಲ ತಳೇಗಾಂವದಾಗ ಗುಲಾಬಿ ಬೆಳಿಯೋ ಶೆಡ್ಡಿನಾಗ ಆರು ವರ್ಷ ಔಷಧ ಹೊಡದಾರ ರೀ. ಹೂ ಬಾಡಬಾರದಂತ ಮಾಲಕರು ಥಂಡಿ ಖೋಲಿ ಕಟ್ಟಿಸಿದ್ರು, ಇವರ ಮಾರಿಗೆ ಒಂದು ಮಾಸ್ಕ್ ಕೊಡ್ಲಿಲ್ಲ. ಈಗ ಅವರ ಮೂಗಿಗೆ ಗುಲಾಬಿನೂ ಅಷ್ಟೇ, ಗಟಾರಾನೂ ಅಷ್ಟೇ."